ಕುಟ್ಟಿಚ್ಚಿರದಲ್ಲಿ ಕಾಣೆಯಾದ ಡಗ್ಗಾ

ಮನೆಯವರೆಲ್ಲ ಉಪ್ಪ ಎಂದು ಕರೆಯುತ್ತಿದ್ದ, ತೀರಿಹೋದ ಮಾವ ನುಡಿಸಿದ ಹಳೆಯ ತಬಲಾ ರೆಕಾರ್ಡು ಮಹಡಿಯ ಕೋಣೆಯಲ್ಲಿ ಶುರುವಾಯಿತು; ಎಡಗೈ ನುಡಿಸುವ ಡಗ್ಗಾದ ದಪ್ಪ ದನಿ ಮಾತ್ರ ಕೇಳಲಿಲ್ಲ. ಬಿರಿಯಾನಿ ಉಂಡು ಬಂದು ಕೂತಿದ್ದ ನೆಂಟರು ಮುಖ ಮುಖ ನೋಡಿಕೊಂಡರು. ಕಿರಿಯ ಅಳಿಯ ಸಾಲಿಹ್‌ನ ಮುಖ ಬಿಳಿಚಿಕೊಂಡಿತು.

"ನನ್ನ ಸಬ್‌ವೂಫರ್ ಸೇರಿಸಿದ್ರೆ ಉಪ್ಪಾನ ಎಡಗೈ ಎದೆಗೇ ತಟ್ಟುತ್ತೆ" ಎಂದು ಊರಿಗೆಲ್ಲ ಸಾರಿದವನು ಅವನೇ. ತಂದ ದಿನವೇ ದಪ್ಪ ದನಿಯ ಆ ದೊಡ್ಡ ಪೆಟ್ಟಿಗೆಯನ್ನು ಮೊದಲು ಕೇಳುವವರು ಕೂರುವ ಜಾಗದಲ್ಲಿಟ್ಟು ನುಡಿಸುತ್ತ, ತಾನು ಗೋಡೆಗುಂಟ ಅಂಬೆಗಾಲಿಟ್ಟು, ದನಿ ತುಂಬಿ ಬಂದ ಮೂಲೆ ಹುಡುಕಿ ಅಲ್ಲಿ ಅದನ್ನು ಕೂರಿಸಿದ್ದ. ಬಾಗಿಲ ಹಿಂದೆ ಹೆಂಗಸರು ಬಿದ್ದು ಬಿದ್ದು ನಕ್ಕಿದ್ದರು. ಅಂದು ಬೆಳಗ್ಗೆ ಕೂಡ ಡಗ್ಗಾ ಕಿಟಕಿಯನ್ನೇ ಅದುರಿಸಿತ್ತು.

ಹೊಟ್ಟೆಕಿಚ್ಚು ಕುಟ್ಟಿಚ್ಚಿರದ ಆ ಮನೆಗೆ ಹೊಸದಲ್ಲ. ಹೆಣ್ಣುಮಕ್ಕಳು ಹುಟ್ಟಿದ ಮನೆಯಲ್ಲೇ ಉಳಿದು, ಗಂಡಂದಿರು ಬಂದು ಸೇರುವ ತರವಾಡು ಅದು. ಮಸಾಲೆ ತುಂಬಿದ ಇಡೀ ಕೋಳಿ ವರ್ಷಗಟ್ಟಲೆ ಹಿರಿಯ ಅಳಿಯ ಇಂಬಿಚ್ಚಿಕೋಯನ ತಟ್ಟೆಗೆ ಮೊದಲು ಬೀಳುತ್ತಿತ್ತು, ಈಗ ಸಾಲಿಹ್‌ನದಕ್ಕೆ. ಕೋಣೆಯ ಹಳೆಯ ಜೋಡಿ ಸ್ಪೀಕರು ಕೋಯನವೇ.

"ಇದು ಕೋಯಾಕ್ಕನ ಕೈವಾಡ!" ಕೋಯನನ್ನು ಅಣ್ಣ ಎಂಬಂತೆ ಹಾಗೆ ಕರೆಯುತ್ತಿದ್ದ ಸಾಲಿಹ್ ಎದ್ದು ನಿಂತ. "ಇವರು ಒಪ್ಪಿಕೊಳ್ಳಲಿ, ಇಲ್ಲಾಂದ್ರೆ ಈ ಮನೆ ಮೆಟ್ಟಿಲು ಮತ್ತೆ ಹತ್ತಲ್ಲ." ಅವನ ಹೆಂಡತಿ ಜಮೀಲಾ ಬಾಗಿಲ ಬಳಿ ಅಳತೊಡಗಿದಳು.

"ಕಿಚ್ಚಿಗೆ ಹೊಟ್ಟೇಲಿ ಜಾಗ ಎಲ್ಲಿದೆಯೋ, ಬಿರಿಯಾನಿ ತುಂಬಿದೆ!" ಎಂದ ಕೋಯ. "ನಂಗೆ ವೈರು ಅಂದ್ರೇ ಭಯ. ನನ್ನ ಸ್ಪೀಕರ್ರಿಗೂ ಹೆಂಡ್ತಿ ಸುಲುನೇ ಸಿಕ್ಕಿಸಿ ಕೊಡಬೇಕಿತ್ತು. ದಿನಾ ಸಂಜೆ ನಿನ್ನ ಪೆಟ್ಟಿಗೆ ಮುಂದೆ ಕೂರೋನು ನಾನೇ ಅಲ್ವೇನೋ?"

ಮನೆಯ ಮೊಮ್ಮಗಳು ಸೈನಬಿ ಕೋಯನ ಮಾತನ್ನು ನಂಬಲಿಲ್ಲ. ಕೆಳಗೆ ಹೋಗಿ ಅಜ್ಜಿ ಕದೀಶಾಬಿಯ ಕೈಹಿಡಿದು ಮಹಡಿ ಹತ್ತಿಸಿದವಳು ಅವಳೇ. ಆ ಮನೆಯಲ್ಲಿ ಓಲೆ ಕಳೆದರೂ ಚಪ್ಪಲಿ ಕಳೆದರೂ ದೂರು ಹೋಗುತ್ತಿದ್ದದ್ದು ಕದೀಶಾಬಿಗೆ.

ಅಜ್ಜಿ ಹೊಸ ಪೆಟ್ಟಿಗೆಯ ಮುಂದೆ ಅಂಗೈ ಹಿಡಿದರು. "ಗಾಳಿ ಬಡೀತಿದೆ, ಕೆಟ್ಟಿಲ್ಲ. ಇದರ ವೈರು?"

"ಯಾರೂ ಬಿಚ್ಚಬಾರದು ಅಂತ ನಾನೇ ಅರಗು ಹಾಕಿದ್ದೆ. ಹಾಗೇ ಇದೆ, ವಲ್ಯುಮ್ಮ" ಎಂದ ಸಾಲಿಹ್ ಅಜ್ಜಿಗೆ.

"ಇದನ್ನ ಆರಿಸು."

ಆರಿಸಿದ್ದೇ ತಡ, ಡಗ್ಗಾ ಬಂತು. ಸಣ್ಣಗೆ, ಆದರೂ ಬಂತು. ಮತ್ತೆ ಹಾಕಿದರೆ ಮಾಯ. ಸೇರಿಸಿದರೆ ಕಡಿಮೆಯಾಗುವ ಈ ಲೆಕ್ಕ ಸೈನಬಿಯ ತಲೆಗೆ ಹತ್ತಲಿಲ್ಲ. ಅಷ್ಟರಲ್ಲಿ ಅಜ್ಜಿ ಹಳೆಯ ಸ್ಪೀಕರುಗಳ ಕಸೂತಿ ಹೊದಿಕೆ ಎತ್ತಿದ್ದರು. ಬಟ್ಟೆ ಗರಿಗರಿಯಾಗಿತ್ತು.

"ಸೈನಬೀ, ಹಿಂದೆ ನೋಡು."

"ಎಲ್ಲಾ ಕಡೆ ಧೂಳು. ವೈರ್ ಸಿಕ್ಕಿಸೋ ಕಡೆ ಮಾತ್ರ ಇಲ್ಲ. ಎರಡರಲ್ಲೂ."

ಕದೀಶಾಬಿ ಎಲ್ಲರನ್ನೂ ಕೂರಿಸಿದರು. "ನೀವು ಹೊಸದನ್ನೇ ತಡಕಿದಿರಿ. ತಪ್ಪಿರೋದು ಹಳೇದರಲ್ಲಿ. ಎರಡಕ್ಕೂ ಕೆಂಪು, ಕರಿ ವೈರು ಅದಲುಬದಲು. ಈ ಹೊಸ ಪೆಟ್ಟಿಗೆ ಗಾಳೀನ ಮುಂದೆ ತಳ್ಳುವಾಗ ಅವು ಹಿಂದಕ್ಕೆ ಎಳೀತವೆ. ಮೂರೂ ದುಡೀತವೆ, ಡಗ್ಗಾ ಮಾತ್ರ ಕಿವಿಗೆ ಬೀಳಲ್ಲ. ಒಂದನ್ನೇ ಬದಲಿಸಿದ್ದರೆ ದನಿ ಚೆದುರಿ ಆಗಲೇ ಗೊತ್ತಾಗ್ತಿತ್ತು. ಎರಡನ್ನೂ ಬದಲಿಸೋ ಬುದ್ಧಿ ವರ್ಷಗಟ್ಟಲೆ ಅದನ್ನ ಸಿಕ್ಕಿಸಿದ ಕೈಗೇ ಹೊಳೆಯೋದು. ಕೋಯನಿಗೆ ವೈರ್ ಅಂದ್ರೆ ಭಯ. ಇವತ್ತು ಈ ಬಟ್ಟೆಗೆ ಗಂಜಿ ಹಾಕಿ ಹೊದಿಸಿದವರು ಯಾರು?"

ಕೋಯನ ಹೆಂಡತಿ ಸುಲೈಖಾ ತಲೆಯ ಮೇಲಿನ ತಟ್ಟದ ಬಟ್ಟೆ ಸರಿಪಡಿಸಿಕೊಂಡು ಮುಂದೆ ಬಂದಳು. "ನಾನೇ."

"ಕೋಳಿಗೋಸ್ಕರಾನಾ, ಸುಲೂ?" ಕೋಯ ದಂಗಾಗಿದ್ದ.

"ಕೋಳಿ ಹಾಳಾಗ್ಲಿ! ದಿನಾ ಸಂಜೆ 'ಸುಲೂ, ಬಾ, ಸಿಕ್ಕಿಸು' ಅಂತ ಕರೀತಿದ್ರಿ. ಹಾಡು ಮುಗಿಯೋವರೆಗೂ ಪಕ್ಕದಲ್ಲಿ ಕೂರ್ತಿದ್ದೆ. ಆ ಪೆಟ್ಟಿಗೆ ಬಂದ ಮೇಲೆ ಒಂದು ಸಲ ಕರೆದ್ರಾ? ಅದೂ ನೀವೂ ಇಬ್ಬರೇ ಬಾಗಿಲು ಹಾಕ್ಕೊಂಡು ಕೂರ್ತೀರಿ. ಅದನ್ನ ಕಂಡ್ರೆ ನಂಗೆ ಮೈಯೆಲ್ಲಾ ಉರಿಯುತ್ತೆ."

ಸೈನಬಿಗೆ ಕೋಯನ ಮುಖ ನೋಡಲು ನಾಚಿಕೆಯಾಯಿತು. "ಕೋಯಾಕ್ಕಾ, ತಪ್ಪಾಯ್ತು" ಎಂದ ಸಾಲಿಹ್.

ಕೋಯನಿಗೆ ಅದು ಕೇಳಿಸಿದಂತೆ ಕಾಣಲಿಲ್ಲ. ಎದ್ದು ಹೋಗಿ ಬಾಗಿಲ ಬಳಿಯ ಕುರ್ಚಿಯೊಂದನ್ನು ಎಳೆದು ತಂದು ತನ್ನ ಕುರ್ಚಿಗೆ ತಾಗಿಸಿಟ್ಟ.

"ಸುಲೂ," ಎಂದ ಮೆಲ್ಲಗೆ, "ಬಾ, ಸಿಕ್ಕಿಸು."