ಬಲಕ್ಕೆ ಸರಿಯುವ ಗುರಿ

೧೯೫೩ರ ಸೆಪ್ಟೆಂಬರ್ ೩, ಗುರುವಾರ, ಮಧ್ಯಾಹ್ನ ೨.೪೦ಕ್ಕೆ ದೊಡ್ಡಿ ಎಂಬ ಹೆಂಗಸು ಸಂಪಾಜೆ ಠಾಣೆಯ ಮೆಟ್ಟಿಲ ಮೇಲೆ ಕುಸಿದು ಕೂತಳು. ಅವಳ ಸೆರಗಿನ ತುಂಬ ರಕ್ತವಿತ್ತು. ಅಂದು ಕೈಲ್‌ಮುಹೂರ್ತ. ಮನೆಮನೆಯಲ್ಲೂ ಕೋವಿಗೆ ಹೂ ಮುಡಿಸಿ ಪೂಜೆ ಮಾಡುವ ದಿನ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ದಿನ. ಅಂಥ ಹಬ್ಬದಂದೂ ಠಾಣೆಯಲ್ಲಿ ಕೂತಿರುವ ಪೊಲೀಸನಿಗೆ ಹೋಗಲು ಮನೆಯಿಲ್ಲವೆಂದೇ ಜನ ತಿಳಿಯುತ್ತಾರೆ. ಸಬ್ ಇನ್ಸ್‌ಪೆಕ್ಟರ್ ದೇರಪ್ಪನ ಮಟ್ಟಿಗೆ ಅದು ನಿಜ. ಅವನ ಕ್ವಾರ್ಟರ್ಸಿನಲ್ಲಿ ಬಾಗಿಲು ತೆಗೆಯುವವನೂ ಅವನೇ, ಹಾಕುವವನೂ ಅವನೇ.

"ಎಂತಾಯ್ತು ಹೇಳು."

"ಸಾವ್ಕಾರ್ರು ನನ್ನ ಗಂಡಂಗೆ ಗುಂಡು ಹೊಡ್ದ್ರು ಸ್ವಾಮಿ. ಕುಶಾಲಪ್ಪನೋರು."

"ಬೇಕಂತ ಹೊಡೆದ್ರಾ?"

"ಬೇರೆ ತೋಟಕ್ಕೆ ಹೋಯ್ತೀವಿ ಅಂದಿದ್ಕೆ, ಹೆಂಗೆ ಹೋಗ್ತೀರೋ ನೋಡ್ತೀನಿ ಅಂದಿದ್ರು. ಕೂಲಿ ಲೈನಿನ ಮನೆಯೋರೆಲ್ಲ ಕೇಳವ್ರೆ."

೩.೧೫ಕ್ಕೆ ಎಫ್‌ಐಆರ್ ದಾಖಲಾಯಿತು. ಗಾಯಾಳು ಮಾದ, ಕುಶಾಲಪ್ಪನ ಕಾಫಿ ತೋಟದ ಆಳು. ಬಲ ಭುಜದ ಮೂಳೆ ಮುರಿದು ಮಡಿಕೇರಿ ಆಸ್ಪತ್ರೆಯಲ್ಲಿದ್ದ. ಆರೋಪ ಕೊಲೆ ಯತ್ನ, ಕಲಂ ೩೦೭. ಅದು ಸಾಬೀತಾದರೆ ಕುಶಾಲಪ್ಪ ಜೀವನವಿಡೀ ಜೈಲಿನಲ್ಲೇ ಕಳೆಯಬೇಕಾಗಬಹುದು.

೪.೩೦ಕ್ಕೆ ದೇರಪ್ಪ ಗದ್ದೆ ಬಯಲು ತಲುಪಿದ. ಭುಜದೆತ್ತರಕ್ಕೆ ಕಾಯಿ ಕಟ್ಟಿದ ಮರ ಅರವತ್ತು ಗಜ ದೂರ. ಕಾಯಿ ಕಟ್ಟುವ ಕೆಲಸ ಮಾದನದು. ಕಟ್ಟಿ, ಬಲಕ್ಕೆ ಒತ್ತಾಗಿದ್ದ ಪಕ್ಕದ ಮರದ ಮರೆಯಲ್ಲಿ ನಿಂತಿದ್ದ, ಇಣುಕಿದಾಗ ಬಲ ಭುಜ ಹೊರಗೆ ಬಂದಿತ್ತು. ಕುಶಾಲಪ್ಪ ಹಬ್ಬದ ಕರಿ ನಿಲುವಂಗಿಯಲ್ಲೇ ಕಲ್ಲಿನ ಮೇಲೆ ಕೂತಿದ್ದ. ಅವನ ರೈಫಲಿನ ಮೇಲೆ ಇಂಗ್ಲಿಷ್ ದೊರೆಯೊಬ್ಬ ಬಿಟ್ಟು ಹೋದ, ಗುರಿಯಿಡುವ ದುರ್ಬೀನು ಕೂತಿತ್ತು, ಅದರ ಸುತ್ತ ಹೂವೂ ಇತ್ತು.

"ಎಷ್ಟು ಗುಂಡು?"

"ಆರು. ನಾಲ್ಕು ಕಾಯಿ ಸವರಿಕೊಂಡು ಹೋಯ್ತು. ಐದನೇದು ಬಲಕ್ಕೆ. ಆರನೇದು ಮಾದನಿಗೆ," ಎಂದ ಕುಶಾಲಪ್ಪ.

"ಬಲಕ್ಕೆ ಎಳೀತಿದೆ ಅಂತ ಗೊತ್ತಾದ ಮೇಲೂ ಹೊಡೆದ್ರಾ?"

"ಹೊಡೆದೆ. ಜನ ನಗ್ತಿದ್ರು."

"ಮುಂಚೆಯೂ ಹೀಗೆ ಎಳೀತಿತ್ತಾ?"

"ಐದು ತಿಂಗಳಿಂದ ಇದೇ ಗೋಳು. ರಿಪೇರಿಯಾದ್ರೆ ಐದಾರು ಗುಂಡು ಸರಿ, ಮತ್ತೆ ಬಲಕ್ಕೆ. ಪ್ರತಿ ಸಲ ಅಂಗಳದಲ್ಲಿ ಹಲಗೆ ಇಟ್ಟು ಹತ್ತು ಗುಂಡು ಹೊಡೆದು ನೋಡ್ತೇನೆ. ಈ ಸಲ ತಂದದ್ದೇ ನಿನ್ನೆ ಸಂಜೆ. ನೇರ ದೀಪದ ಮುಂದೆ ಇಟ್ಟೆ. ದೀಪದ ಮುಂದೆ ಇಟ್ಟ ಕೋವಿಯನ್ನು ಪೂಜೆಗೆ ಮೊದಲು ಯಾರಾದ್ರೂ ಹೊಡೀತಾರಾ?"

ಹೊಡೆಯುವುದಿಲ್ಲ. ಅದು ದೇರಪ್ಪನಿಗೂ ಗೊತ್ತಿತ್ತು. ಆದರೆ ಈ ಮಾತನ್ನು ದೊಡ್ಡಿಯ ಮುಂದೆ ಹೇಳಿದರೆ ಸಾವ್ಕಾರರ ಕಡೆಯ ಪೊಲೀಸು ಎಂದಾಳು, ಮತ್ತು ಅವಳು ಹಾಗನ್ನುವುದರಲ್ಲಿ ತಪ್ಪೇನೂ ಇಲ್ಲ. ರೈಫಲೇ ಸಾಕ್ಷಿ ಹೇಳಬೇಕಿತ್ತು.

ಸೆಪ್ಟೆಂಬರ್ ೪, ಬೆಳಿಗ್ಗೆ ೭.೩೦. ಕುಶಾಲಪ್ಪ ಮತ್ತು ಇಬ್ಬರು ಪಂಚರ ಎದುರು ಹೊಟ್ಟು ತುಂಬಿದ ಮೂಟೆಗಳ ಮೇಲೆ ರೈಫಲನ್ನು ಭದ್ರವಾಗಿ ಕೂರಿಸಿದರು. ಬರ್ಮಾ ಯುದ್ಧ ಕಂಡು ಬಂದಿದ್ದ ಹೆಡ್ ಕಾನ್‌ಸ್ಟೇಬಲ್ ನಾಣಯ್ಯ ಅರವತ್ತು ಗಜ ದೂರದ ಹಲಗೆಗೆ ಗುರಿಯಿಟ್ಟ. ಗುಂಡು ಎರಡು ಅಡಿ ಬಲಕ್ಕೆ ಬಿತ್ತು. ದುರ್ಬೀನು ಬಿಚ್ಚಿ, ನಳಿಗೆಯ ಮೇಲಿನ ಕಬ್ಬಿಣದ ಗುರಿಯಲ್ಲೇ ಹೊಡೆದಾಗ ನಟ್ಟನಡುವೆ ಬಿತ್ತು.

"ನಳಿಗೆಯಲ್ಲಿ ಏನೂ ದೋಷ ಇಲ್ಲ ಸಾರ್," ಎಂದ ನಾಣಯ್ಯ.

ದುರ್ಬೀನಿನ ಹಿಂಗಾಲನ್ನು ಎಡಬಲದಿಂದ ಎರಡು ತಿರುಪುಗಳು ಅವಚಿ ಹಿಡಿಯುತ್ತವೆ. ಒಂದನ್ನು ಸಡಿಲಿಸಿ ಇನ್ನೊಂದನ್ನು ಬಿಗಿದರೆ ಗುರಿ ಪಕ್ಕಕ್ಕೆ ಸರಿಯುತ್ತದೆ. ನಾಣಯ್ಯ ಮತ್ತೆ ದುರ್ಬೀನು ಕೂರಿಸಿ ಎಡದ ತಿರುಪು ಬಿಗಿದ, ಅದು ಕಚ್ಚಿಕೊಂಡಿತು. ಬಲದ್ದು ಸುಮ್ಮನೆ ತಿರುಗಿತು, ತಿರುಗುತ್ತಲೇ ಇತ್ತು. ಹೊರಗೆಳೆದು ನೋಡಿದರೆ ಅದರ ಸುರುಳಿಯನ್ನು ಅರ್ಧಕ್ಕೆ ಅರದಿಂದ ಉಜ್ಜಿ ನುಣ್ಣಗೆ ಮಾಡಿದ್ದರು. ತೂತಿನೊಳಗೆ ಜೇನುಮೇಣ. ಮೇಣ ಹಿಡಿದಿರುವಷ್ಟು ಹೊತ್ತು ತಿರುಪು ಬಿಗಿಯಾಗಿದ್ದಂತೆ ಕಾಣುತ್ತದೆ. ಐದಾರು ಗುಂಡಿನ ಒದೆತಕ್ಕೆ ಮೇಣ ಬಿಡುತ್ತದೆ, ಹಿಂಗಾಲು ಬಲಕ್ಕೆ ಜಾರುತ್ತದೆ, ಅದರೊಂದಿಗೆ ಗುರಿಯೂ.

"ಇದು ತಾನಾಗಿ ಆದದ್ದಲ್ಲ. ಅರದ ಗುರುತು ನೋಡಿ," ಎಂದ ನಾಣಯ್ಯ.

ಪಂಚನಾಮೆಗೆ ಸಹಿ ಬಿತ್ತು. ದೇರಪ್ಪ ಕುಶಾಲಪ್ಪನ ಕಡೆ ತಿರುಗಿದ. "ರಿಪೇರಿ ಮಾಡೋದು ಯಾರು?"

"ಬೊಳ್ಳಪ್ಪಣ್ಣ. ಬೇರೆ ಯಾರೂ ಅದನ್ನ ಮುಟ್ಟಿಲ್ಲ. ಅವರು ಹೀಗೆಲ್ಲ ಮಾಡೋರಲ್ಲ ದೇರಪ್ಪ, ನಾ ಹೋದ್ರೆ ಏಳಕ್ಕೇ ಬಿಡೋದಿಲ್ಲ."

ಬೊಳ್ಳಪ್ಪನ ಮನೆ ಸಂಪಾಜೆಯಿಂದ ಎರಡು ಮೈಲು ಮೇಲೆ, ಏರಿನ ತುದಿಯಲ್ಲಿತ್ತು. ಅಂದೇ ಮಧ್ಯಾಹ್ನ ೩.೨೦ಕ್ಕೆ ದೇರಪ್ಪ, ನಾಣಯ್ಯ, ಕುಶಾಲಪ್ಪ ಮೂವರೂ ಹತ್ತಿ ಹೋದರು. ಅಂಗಳ ಗುಡಿಸಿತ್ತು, ಆದರೆ ದಾರಿಯಲ್ಲಿ ಹುಲ್ಲು ಬೆಳೆದಿತ್ತು. ಜಗಲಿಯಲ್ಲಿ ಎರಡು ಸ್ಟೂಲು, ಒಂದರ ಮೇಲೆ ಮಡಿಸಿದ ಕಂಬಳಿ. ಕೆಲಸದ ಮಣೆಯ ಮೇಲೆ ಅರ, ತಿರುಪುಳಿ, ಜೇನುಮೇಣದ ಉಂಡೆ. ಆ ಉಂಡೆಯ ಮೇಲೆ ತಿರುಪಿನ ಸುರುಳಿಯ ಅಚ್ಚು ಮೂಡಿತ್ತು. ಮುದುಕ ಮೂವರನ್ನೂ ನೋಡಿದ, ಒಳಗೆ ಹೋಗಿ ಕಾಫಿ ತಂದ. ಇದ್ದದ್ದು ಎರಡೇ ಲೋಟ. ಅದಕ್ಕೇ ಅವನಿಗೆ ನಾಚಿಕೆಯಾಯಿತು.

"ಕೂತ್ಕೊಳ್ಳಿ."

"ಈ ತಿರುಪು ಉಜ್ಜಿದ್ದು ನೀವಾ ಬೊಳ್ಳಪ್ಪಣ್ಣ?"

"ಹೌದು."

"ಯಾಕೆ?"

ಬೊಳ್ಳಪ್ಪ ಕುಶಾಲಪ್ಪನ ಮುಖ ನೋಡಲಿಲ್ಲ. "ಮೊದ್ಲು ಊರಿನ ಕೋವಿ ಎಲ್ಲ ನನ್ನ ಹತ್ರ ಬರ್ತಿತ್ತು. ಈಗಿನವು ಕೆಡೋದೇ ಇಲ್ಲ. ನನ್ನ ಹೆಂಡ್ತಿ ಗಂಗಮ್ಮ ತೀರಿಕೊಂಡಾಗ ಕ್ರಮದ ಪ್ರಕಾರ ನಾನೇ ಎರಡು ಗುಂಡು ಹಾರಿಸಿದೆ. ಸಾವಿನ ಸುದ್ದಿ ಅಂತ ಊರಿಗೂರೇ ಬಂತು. ಆಮೇಲೆ ಯಾರೂ ಬರ್ಲಿಲ್ಲ. ಇವ್ರು ಮಾತ್ರ ದುರ್ಬೀನು ಸಡಿಲ ಆಗಿದೆ ಅಂತ ಬಂದ್ರು, ಎರಡು ತಾಸು ಕೂತು ಮಾತಾಡಿದ್ರು. ಪೂರ್ತಿ ಸರಿ ಮಾಡಿಕೊಟ್ರೆ ಇನ್ಯಾಕೆ ಬರ್ತಾರೆ?"

"ಮೊನ್ನೆ ಕೊಡುವಾಗ ಗೊತ್ತಿತ್ತಲ್ಲ, ನೇರ ದೀಪದ ಮುಂದೆ ಹೋಗ್ತದೆ ಅಂತ?"

"ಗೊತ್ತಿತ್ತು. ಬೇಡ ಅನ್ನೋಕೆ ಬಾಯಿ ತೆರೆದೆ. ಯಾಕೆ ಅಂತ ಕೇಳಿದ್ರೆ ಎಂತ ಹೇಳ್ಲಿ? ನಾಚಿಕೆಯಾಯ್ತು. ನಿನ್ನೆ ಸುದ್ದಿ ಕೇಳ್ದೆ. ಮಾದ ಬದುಕಿದ್ದಾನಲ್ಲ?"

"ಬದುಕಿದ್ದಾನೆ. ಆ ಕೈಯಲ್ಲಿ ಇನ್ನು ಮರ ಹತ್ತೋದು ಕಷ್ಟ."

ಕುಶಾಲಪ್ಪ ಎದ್ದು ನಿಂತ. "ಅಲ್ಲ ಬೊಳ್ಳಪ್ಪಣ್ಣ, ಸುಮ್ಮನೆ ಬಾ ಅಂದಿದ್ರೆ ಬರ್ತಿರ್ಲಿಲ್ವಾ ನಾನು?"

"ಬರ್ತಿದ್ರಾ?" ಎಂದು ಕೇಳಿದವನು ದೇರಪ್ಪ. ಕುಶಾಲಪ್ಪ ಅಂಗಳಕ್ಕಿಳಿದ.

ಬೊಳ್ಳಪ್ಪನ ದಸ್ತಗಿರಿ ೪.೧೦ಕ್ಕೆ. ಕುಶಾಲಪ್ಪನ ಮೇಲೆ ಕೊಲೆ ಯತ್ನದ ಆರೋಪ ಹೋಗಿ ಅಜಾಗರೂಕತೆಯ ಆರೋಪ ಉಳಿಯಿತು, ಅದನ್ನವನು ಒಪ್ಪಿಕೊಂಡ. ಬೊಳ್ಳಪ್ಪ ಎರಡೂ ಲೋಟ ತೊಳೆದು ಬೋರಲು ಹಾಕಿದ, ಬಾಗಿಲಿಗೆ ಬೀಗ ಹಾಕಿ ಕೀಲಿಕೈಯನ್ನು ಯಾರಿಗೆ ಕೊಡುವುದೆಂದು ಸುತ್ತ ನೋಡಿದ. ಕೊನೆಗೆ ದೇರಪ್ಪನ ಕೈಗಿತ್ತ. ದೇರಪ್ಪ ಅದನ್ನು ಜೇಬಿಗೆ ಹಾಕಿಕೊಂಡ. ಅವನೂ ಬೇರೆ ಊರಿಗೆ ಹೋಗುವಾಗ ತನ್ನ ಕ್ವಾರ್ಟರ್ಸಿನ ಕೀಲಿಕೈಯನ್ನು ಠಾಣೆಯ ಮೊಳೆಗೇ ನೇತುಹಾಕಿ ಹೋಗುತ್ತಿದ್ದ.

ಜೀಪಿನಲ್ಲಿ ಮಡಿಕೇರಿಯವರೆಗೆ ಬೊಳ್ಳಪ್ಪ ಕೇಳಿದ್ದು ಒಂದೇ ಪ್ರಶ್ನೆ. "ಜೈಲಲ್ಲಿ ನೋಡೋಕೆ ಜನರನ್ನ ಬಿಡ್ತಾರಾ?"

"ಬಿಡ್ತಾರೆ."

"ಹಾಗಾದ್ರೆ ಮಾದನಿಗೆ ಹೇಳಿ. ಬಯ್ಯೋಕಾದ್ರೂ ಬರ್ಲಿ."

ದೇರಪ್ಪ ಅದನ್ನು ಕೇಸ್ ಡೈರಿಯಲ್ಲಿ ಬರೆಯಲಿಲ್ಲ. ಮರುದಿನ ಆಸ್ಪತ್ರೆಗೆ ಹೋಗಿ ಮಾದನಿಗೆ ಹೇಳಿದ.