ಅಲ್ಲಾಬಕ್ಷನ ಟೋಚನ್ ಗಾಡಿ

೧೯೮೩ರ ಫೆಬ್ರವರಿ ತಿಂಗಳ ಒಂದು ಗುರುವಾರ, ಮಧ್ಯಾಹ್ನದ ಊಟಕ್ಕೆ ಸ್ವಲ್ಪ ಮೊದಲು, ರಾಯಚೂರಿನ ಗುಲಾಮ್ ದಸ್ತಗೀರರ ಅಂಗಳಕ್ಕೆ ಮೊದಲು ಬಂದದ್ದು ಹಿರೇಕೊಟ್ನೆಕಲ್ಲಿನ ಒಂದು ಟ್ರ್ಯಾಕ್ಟರ್. ಅದರ ಹಿಂದೆ, ಹಗ್ಗಕ್ಕೆ ಕಟ್ಟಿಸಿಕೊಂಡು, ಮನೆಯದೇ ಡೀಸೆಲ್ ಲಾರಿ ಬಂತು. ದಾರಿಯಲ್ಲಿ ಕೆಟ್ಟು ನಿಂತ ಲಾರಿಗಳ ಮೂತಿಯನ್ನು ಹಿಂಬದಿಯ ಕ್ರೇನಿಗೆ ಸಿಕ್ಕಿಸಿ, ಎತ್ತಿ, ಎಳೆದು ತರುವ ಲಾರಿ ಅದು; ಊರವರ ಬಾಯಲ್ಲಿ ಟೋಚನ್ ಗಾಡಿ. ಎಲ್ಲಕ್ಕಿಂತ ಕೊನೆಗೆ, ಆ ಗಾಡಿಯ ಕ್ಯಾಬಿನ್ನಿನಿಂದ, ಹಣೆಗೆ ರುಮಾಲು ಒತ್ತಿಕೊಂಡು ಮನೆಯ ಕಿರಿಯ ಮಗ ಮೀರಾಹುಸೇನ ಇಳಿದ. ರುಮಾಲು ಪೂರ್ತಿ ಕೆಂಪಾಗಿತ್ತು.

"ಜಗತ್ತನ್ನೆಲ್ಲಾ ಎಳಿಯೋ ಗಾಡಿನs ಎಳಕೊಂಡ್ ಬಂದೀನ್ರಿ ಸಾಬ್ರ! ನನಗೂ ಒಂದು ಟೋಚನ್ ಬೋರ್ಡ್ ಬರಸ್ರಿ!" ಎಂದು ಟ್ರ್ಯಾಕ್ಟರಿನ ವೆಂಕೋಬ ನಗೆಯಾಡಿದ. ರಕ್ತವನ್ನು ನೋಡಿದ ಮೇಲೆ ಅವನ ನಗೆ ಅಲ್ಲೇ ನಿಂತಿತು.

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಉಮ್ಮೇ ಕುಲ್ಸುಮ್ ಹಿಟ್ಟಿನ ಕೈಯಲ್ಲೇ ಅಂಗಳಕ್ಕೆ ಓಡಿಬಂದಳು. ಮೈದುನನ ಹಣೆ, ಗಾಡಿಯ ಜಜ್ಜಿದ ಎಡ ಮಡ್‌ಗಾರ್ಡು, ಸೊಟ್ಟಗಾದ ಚಕ್ರ... ಇಂಥದ್ದನ್ನೇ ಅವಳು ಹಿಂದೊಮ್ಮೆ ನೋಡಿದ್ದಳು. ಆರು ವರ್ಷಗಳ ಹಿಂದೆ ದೇವದುರ್ಗದ ರಸ್ತೆಯ ಏರಿನಲ್ಲಿ ಭತ್ತದ ಲಾರಿಯನ್ನು ಎಳೆಯುತ್ತಿದ್ದ ಇದೇ ಗಾಡಿ ರಸ್ತೆ ಬಿಟ್ಟು ಹಳ್ಳಕ್ಕೆ ಹಾರಿದಾಗ ಕ್ಯಾಬಿನ್ನಿನಲ್ಲಿದ್ದವನು ಅವಳ ಗಂಡ ಅಲ್ಲಾಬಕ್ಷ್. ಅವನು ಇಳಿದು ಬರಲಿಲ್ಲ. ಅಂದೇ ನಡೆದಿದ್ದ ಮನೆಯ ಮಗಳ ಮದುವೆಯ ಆಯಾಸಕ್ಕೆ ತೂಕಡಿಸಿದ್ದಾನೆ ಎಂದು ಊರು ಹೇಳಿತು. ಅತ್ತೆ ಹಾಜಿರಾ ಬೀ ಮಾತ್ರ ಬೇರೆ ಹೇಳಿದರು. ಆರು ವರ್ಷವೂ ಅದನ್ನೇ ಹೇಳಿದರು. ಈಗಲೂ ಹೊಸ್ತಿಲಲ್ಲಿ ಎದೆ ಬಡಿದುಕೊಳ್ಳುತ್ತ ಅದನ್ನೇ ಕೂಗಿದರು:

"ಬಂತೇನಬೇ ನಿನ್ನ ಕಾಲ್ಗುಣ! ಒಬ್ಬನ್ನ ನುಂಗಿದ್ದು ಸಾಲಲಿಲ್ಲ ನಿನಗ? ಇವನ್ನೂ ನುಂಗಬೇಕಂತ ಕುಂತೀ ಏನು? ಯಾ ಅಲ್ಲಾ... ಈಕಿ ಈ ಹೊಸ್ತಿಲ ತುಳಿದ ಗಳಿಗಿಗೆ ಬೆಂಕಿ ಬೀಳಲಿ!"

ಉಮ್ಮೇ ಕುಲ್ಸುಮ್ ನೀರು ಕಾಯಿಸಿ ತಂದು ಮೈದುನನ ಗಾಯ ತೊಳೆದಳು. ಆದರೆ ಮನಸ್ಸಿನೊಳಗೆ, ಎಲ್ಲೋ ಆಳದಲ್ಲಿ, ಆ ಮಾತನ್ನು ಅವಳೂ ಅರ್ಧ ನಂಬಿದ್ದಳು.

ಊಟ ಯಾರಿಗೂ ಇಳಿಯಲಿಲ್ಲ. ಗಾಡಿಯ ವಿಚಾರ ಎತ್ತಿದವನು ಮೀರಾಹುಸೇನ.

"ಬಾಬಾ, ಇನ್ನ ಇದನ್ನ ರಿಪೇರಿ ಮಾಡೋದು ಬ್ಯಾಡ. ಮೂರು ಸಲ ಸ್ಟಿಯರಿಂಗ್ ಬಿಚ್ಚಿಸೀವಿ, ಮೂರು ಸಲ ಹೊಸಾ ಸಾಮಾನ ಹಾಕಸೀವಿ. ಖಾಲಿ ಗಾಡಿ ನೆಟ್ಟಗs ಹೋಗ್ತದ. ಹಿಂದ ಭಾರ ಸಿಗಸಿದ್ನೋ, ಸ್ಟಿಯರಿಂಗ್ ಕೈಯಾಗ ಇರಂಗಿಲ್ಲ. ಗಾಳ್ಯಾಗ ತಿರಗಿಸಿದಂಗ ಆಗ್ತದ. ಸಣ್ಣ ಪುಟ್ಟ ಜೀಪು ಎಳಕೊಂಡು ದಿನಾ ತಳ್ಳೀನಿ. ಇವತ್ತ ಭತ್ತದ ಲಾರಿ ಎತ್ತಿದೆ, ಹಿಂಗಾತು. ಇದು ಅಣ್ಣನ್ನ ಕೊಂದ ಗಾಡಿ. ಮಾರಿ ಬಿಡೋಣ. ಹೈದರಾಬಾದಿನ್ಯಾಗ ಒಂದು ಒಳ್ಳೇ ಗಾಡಿ ಅದ."

ಗುಲಾಮ್ ದಸ್ತಗೀರರು ತಲೆ ಎತ್ತಲಿಲ್ಲ. ಮಿಲಿಟರಿಯವರು ಮಾರಿದ ಹಳೆಯ ಲಾರಿಯೊಂದನ್ನು ತಂದು, ತಮ್ಮ ಕೈಯಾರೆ ಕ್ರೇನು ಕೂಡಿಸಿ, ಈ ಗಾಡಿಯನ್ನು ಕಟ್ಟಿದವರು ಅವರು. ಹಿರಿಯ ಮಗ ಹೋದ ದಿನದಿಂದ ಅವರು ಅದನ್ನು ಮುಟ್ಟಿರಲಿಲ್ಲ. ಅದು ಅಂಗಳಕ್ಕೆ ಬಂದರೆ ಮುಖ ತಿರುಗಿಸಿ ಕೂರುತ್ತಿದ್ದರು. ಆದರೂ ಅದನ್ನು ಮಾರುವ ಮಾತು ಬಂದಾಗಲೆಲ್ಲ, "ರಿಪೇರಿ ಮಾಡಸು" ಎಂಬ ಎರಡೇ ಶಬ್ದ ಹೇಳಿ ಎದ್ದುಹೋಗುತ್ತಿದ್ದರು.

"ಗಾಡಿ ಏನು ಪುಕ್ಕಟ ಬರ್ತದೇನು?" ಎಂದರು ಹಾಜಿರಾ ಬೀ. ಅವರ ಕಣ್ಣು ಸೊಸೆಯ ಮೇಲೆ ನಿಂತಿತು. "ಮಾನ್ವ್ಯಾಗ ಈಕಿಯಪ್ಪನ ಮನಿ ಬಿದ್ದದಲ್ಲ. ಅದನ್ನ ಕೊಡಲಿ. ಒಬ್ಬ ಮಗನ್ನ ಕೊಟ್ಟೀನಿ ನಾ. ಈಕಿ ಎರಡು ಖೋಲಿ ಕೊಡಾಕ ಏನು ಧಾಡಿ?"

ಮಾನ್ವಿಯ ಆ ಎರಡು ಖೋಲಿಯ ಮನೆ ಉಮ್ಮೇ ಕುಲ್ಸುಮಳಿಗೆ ತಂದೆ ಮೌಲಾಹುಸೇನರು ಬಿಟ್ಟುಹೋದ ಏಕೈಕ ಆಸ್ತಿ. ಈ ಹೊಸ್ತಿಲು ತನ್ನನ್ನು ಎಂದಾದರೂ ಹೊರಗೆ ಹಾಕಿದರೆ ಏಳು ವರ್ಷದ ಮಗಳನ್ನು ಕರೆದುಕೊಂಡು ಹೋಗಲು ಅವಳಿಗೆ ಬೇರೊಂದು ಸೂರು ಇರಲಿಲ್ಲ. ಅದನ್ನು ಕೊಟ್ಟರೆ ಅವಳು ಸಾಯುವವರೆಗೆ ಈ ಅತ್ತೆಯ ನಾಲಗೆಯ ಕೆಳಗೇ ಬದುಕಬೇಕು. ಕೊಡದಿದ್ದರೆ... ಮೀರಾಹುಸೇನನ ಹಣೆಯ ಪಟ್ಟಿಯ ಮೇಲೆ ಮತ್ತೆ ಸಣ್ಣಗೆ ರಕ್ತ ಒಸರುತ್ತಿತ್ತು.

"ಆಗಲಿ ಅತ್ತಿ," ಎಂದಳು ಅವಳು. "ಮನಿ ಹೋದ್ರ ಹೋಗಲಿ. ಇವನು ಆ ಗಾಡಿ ಹತ್ತೋದು ಬ್ಯಾಡ."

ಮರುದಿನ ಜುಮಾ ನಮಾಜು ಮುಗಿದ ಮೇಲೆ ನಾಲ್ವರೂ ಹೊರಟರು. ಮೊದಲು ವಿರೂಪಣ್ಣನ ಗ್ಯಾರೇಜಿಗೆ ಹೋಗಿ, ಎಳೆದೊಯ್ದು ನಿಲ್ಲಿಸಿದ್ದ ಗಾಡಿಯನ್ನು ಗುಜರಿಗೆ ಒಪ್ಪಿಸುವುದು, ಅಲ್ಲಿಂದ ಬಸ್ಸು ಹಿಡಿದು ಮಾನ್ವಿಗೆ ಹೋಗಿ ಮನೆ ಮಾರಾಟದ ಮಾತು ಮುಗಿಸುವುದು ಎಂದು ನಿರ್ಧಾರವಾಗಿತ್ತು. ಗಂಡ ಕೊನೆಯ ಗಳಿಗೆಯಲ್ಲಿ ಮನಸ್ಸು ಬದಲಿಸಿಯಾರೆಂದು ಹಾಜಿರಾ ಬೀ ಬುರ್ಖಾ ತೊಟ್ಟು ತಾವೇ ಜೊತೆಗೆ ಬಂದಿದ್ದರು.

"ಬರ್ರಿ ದಸ್ತಗೀರ್ ಸಾಬ್ರ! ಆರು ವರ್ಷ ಆತಲ್ರೀ ನೀವು ಇತ್ಲಾಗ ಕಾಲಿಟ್ಟು," ಎಂದು ವಿರೂಪಣ್ಣ ಕೈ ಒರೆಸಿಕೊಳ್ಳುತ್ತ ಎದ್ದ. "ಸ್ಟಿಯರಿಂಗ್ ಪೂರಾ ಬಿಚ್ಚಿ ನೋಡೀನಿ. ಏನೂ ಸಿಗವಲ್ದು. ನಿಮ್ಮ ಗಾಡಿ ನೀವs ಒಮ್ಮಿ ನೋಡ್ರಿ. ಆಮ್ಯಾಲೆ ಗುಜರಿಯವನ್ನ ಕರಿಯೋಣ."

ಗುಲಾಮ್ ದಸ್ತಗೀರರು ಗಾಡಿಯ ಸುತ್ತ ನಿಧಾನವಾಗಿ ನಡೆದರು. ಕ್ರೇನಿನ ಕೊಕ್ಕೆಯನ್ನು ಸವರಿದರು. ಮುಂಭಾಗಕ್ಕೆ ಬಂದು, ವಿದಾಯ ಹೇಳುವವರಂತೆ, ಬಂಪರಿನ ಮೇಲೆ ಎರಡೂ ಕೈಯೂರಿ ಭಾರ ಬಿಟ್ಟರು. ಗಾಡಿಯ ಮೂತಿ ಕುಗ್ಗಿ ಮೇಲೆದ್ದಿತು. ಅವರು ಕೈ ತೆಗೆದರು. ಮತ್ತೆ ಒತ್ತಿದರು. ಮೂತಿ ಮತ್ತೆ ಕುಣಿಯಿತು.

"ವಿರೂಪಣ್ಣ... ಇದು ಕುಣೀಬಾರದು."

"ಅಂದ್ರ?"

"ನಾ ಕಟ್ಟಿದ ಗಾಡಿ ಮೂತಿ ಒಬ್ಬ ಮನಶ್ಯಾನ ಕೈಗೆ ಕುಣಿಯಂಗಿಲ್ಲ. ಈ ಪೆಟಗಿ ಒಡಿ."

ಬಂಪರಿನ ಹಿಂದೆ, ರೇಡಿಯೇಟರಿನ ಮುಂದೆ, ಅಡ್ಡಕ್ಕೆ ಒಂದು ಕಬ್ಬಿಣದ ಪೆಟ್ಟಿಗೆಯಿತ್ತು. ಆರು ವರ್ಷಗಳ ಹಿಂದಿನ ಅಪಘಾತದಲ್ಲಿ ಅದರ ಮುಚ್ಚಳ ಬಾಗಿತ್ತು. ಅಂದು ಗಾಡಿಯನ್ನು ಹಳ್ಳದಿಂದ ಎತ್ತಿ ಸರಿಮಾಡಿದವರು ಒಳಗೆ ನೋಡದೆ ಮುಚ್ಚಳವನ್ನು ಹಾಗೆಯೇ ವೆಲ್ಡ್ ಮಾಡಿದ್ದರು. ಅದರೊಳಗೆ ಏನಿರಬೇಕೆಂದು ಬಲ್ಲ ತಂದೆ ಆಮೇಲೆ ಗಾಡಿಯ ಹತ್ತಿರ ಬರಲಿಲ್ಲ. ದಿನವೂ ಗಾಡಿ ಓಡಿಸಿದ ಮಗನಿಗೆ ಅದನ್ನು ತೆರೆಯುವ ಕಾರಣವಿರಲಿಲ್ಲ.

ವಿರೂಪಣ್ಣನ ಉಳಿ ಮುಚ್ಚಳವನ್ನು ಸೀಳಿತು. ಒಳಗೆ ತುಕ್ಕಿನ ಪುಡಿ ಮತ್ತು ಒಂದು ಒಣಗಿದ ಕಣಜದ ಗೂಡು ಬಿಟ್ಟರೆ ಏನೂ ಇರಲಿಲ್ಲ.

"ಕಲ್ಲೆಲ್ಲಿ?" ಗುಲಾಮ್ ದಸ್ತಗೀರರು ಪೆಟ್ಟಿಗೆಯೊಳಗೆ ಕೈ ಹಾಕಿ ತಡಕಿದರು. "ಗುಂಜಹಳ್ಳಿ ಕರಿಕಲ್ಲು ಕಡಿಸಿ ತಂದು ಈ ಕೈಲೆ ತುಂಬಿದ್ನಲ್ಲೋ! ಎಲ್ಲಿ ಕಲ್ಲು?"

"ಅವು ಯಾಕ ಬಾಬಾ?" ಎಂದ ಮೀರಾಹುಸೇನ.

"ಯಾಕ ಅಂತೀಯಾ? ಹಿಂದ ಭಾರದ ಲಾರಿ ಎತ್ತಿದ್ರ ಮುಂದ ಮೂತಿ ಹಗುರ ಆಗ್ತದ. ಮುಂದಿನ ಗಾಲಿ ನೆಲಾ ಬಿಡ್ತಾವ. ನೆಲಾ ಬಿಟ್ಟ ಗಾಲಿನ ಯಾವ ಸ್ಟಿಯರಿಂಗ್ ತಿರಗಸ್ತದ? ಅದಕ್ಕs ಮುಂದ ಕಲ್ಲಿನ ಭಾರ ಇಟ್ಟಿದ್ದೆ. ಕಲ್ಲಿಲ್ಲದs... ಕಲ್ಲಿಲ್ಲದs ನನ್ನ ಅಲ್ಲಾಬಕ್ಷ್ ಅವತ್ತ ಭತ್ತದ ಲಾರಿ ಎತ್ತಿಕೊಂಡು ಏರು ಹತ್ತ್ಯಾನಾ?"

"ಯಾರೋ ಕಳ್ಳರು..." ಎಂದು ಮೀರಾಹುಸೇನ ತೊದಲಿದ. "ಸಿರವಾರದ ಸಂತ್ಯಾಗ ಗಾಡಿ ನಿಂತಿರತಿತ್ತು..."

ಉಮ್ಮೇ ಕುಲ್ಸುಮಳಿಗೆ ಮುಂದಿನ ಮಾತು ಕೇಳಿಸಲಿಲ್ಲ. ಕಲ್ಲುಗಳನ್ನು ಅವಳು ನೋಡಿದ್ದಳು! ಮನೆಯ ಮಗಳು ಹೀರಾಬಿಯ ಮದುವೆಯ ದಿನ, ಬಿರಿಯಾನಿಯ ಡೇಗುಗಳನ್ನು, ಆ ದೊಡ್ಡ ಹಂಡೆಗಳನ್ನು, ಒಲೆಯ ಮೇಲೆ ಕೂಡಿಸಲು ಸಮ ಎತ್ತರದ ಕಲ್ಲು ಬೇಕೆಂದು ಅಡಿಗೆಯವನು ಗೊಣಗುತ್ತಿದ್ದಾಗ, ಅಂಗಳದಲ್ಲಿ ನಿಂತಿದ್ದ ಗಾಡಿಯ ಪೆಟ್ಟಿಗೆಯನ್ನು ತೆರೆಸಿ, ಆಳುಗಳಿಂದ ಕಲ್ಲು ಇಳಿಸಿ ಕೊಟ್ಟವರು ಹಾಜಿರಾ ಬೀ. ಬೀಗರ ಊಟ ಮುಗಿದ ಕೂಡಲೇ ಅವರೇ ಆಳುಗಳಿಗೆ, "ಕಲ್ಲು ತಿರುಗಿ ಪೆಟಿಗ್ಯಾಗ ಇಡ್ರಿ" ಎಂದರು. ಒಬ್ಬ ಆಳು ಕಲ್ಲು ಮುಟ್ಟಿ ಚುರುಕ್ಕೆಂದು ಕೈ ಹಿಂತೆಗೆದ. ಆಗ, ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಅಲ್ಲೇ ನಿಂತಿದ್ದ ಉಮ್ಮೇ ಕುಲ್ಸುಮ್ ಕನಿಕರದಿಂದ ಹೇಳಿದ್ದಳು: "ಕಾದಾವ ಅತ್ತಿ. ಪಾಪ, ಕೈ ಸುಡ್ತಾವ. ಆರಲಿ, ನಾಳಿ ಇಡಸೋಣ." ಆಳುಗಳು ಪೆಟ್ಟಿಗೆಯ ಮುಚ್ಚಳ ಹಾಕಿ ಹೋದರು. ಮದುಮಗಳನ್ನು ಸಿರವಾರಕ್ಕೆ ಬಿಟ್ಟು ಅಲ್ಲಾಬಕ್ಷ್ ಹಿಂದಿರುಗುವಷ್ಟರಲ್ಲಿ ದೇವದುರ್ಗದ ರಸ್ತೆಯಿಂದ ಕರೆ ಬಂದಿತ್ತು. ಅವನು ನಿಂತಲ್ಲೇ ನೀರು ಕುಡಿದು ಗಾಡಿ ಹತ್ತಿದ್ದ. ಕಲ್ಲನ್ನು ಹಿಂದಿಡಿಸುವ ಆ ನಾಳೆ ಈ ಮನೆಗೆ ಬರಲೇ ಇಲ್ಲ. ಬರೇ ಕಲ್ಲೆಂದು ತಿಳಿದವರಿಗೆ ಅದರ ನೆನಪೂ ಉಳಿಯಲಿಲ್ಲ.

ಅವಳು ಅತ್ತೆಯ ಕಡೆ ನೋಡಿದಳು. ಹಾಜಿರಾ ಬೀ ಬುರ್ಖಾದ ಪರದೆಯನ್ನು ಮೇಲೆತ್ತಿದ್ದರು. ಅಷ್ಟು ಜನ ಗಂಡಸರ ನಡುವೆ ಪರದೆ ಎತ್ತಿದ್ದು ಅವರಿಗೇ ತಿಳಿದಂತಿರಲಿಲ್ಲ.

"ಕಳ್ಳರಲ್ಲ..." ಎಂದರು ಕೊನೆಗೆ. "ನಾ... ನಾ ತಗಸೀನ್ರಿ. ಹೀರಾಬಿ ಮದಿವ್ಯಾಗ. ಡೇಗಿನ ಒಲಿಗೆ."

ಗುಲಾಮ್ ದಸ್ತಗೀರರು ಹೆಂಡತಿಯ ಎರಡೂ ರಟ್ಟೆ ಹಿಡಿದರು. "ತಿರುಗಿ ಯಾಕ ಇಡಲಿಲ್ಲ? ಹೇಳು! ಯಾಕ ಇಡಲಿಲ್ಲ?"

ಹಾಜಿರಾ ಬೀಯ ಕಣ್ಣು ಸೊಸೆಯ ಮೇಲೆ ಬಿತ್ತು. ಆ ಕಣ್ಣಿನಲ್ಲಿ ಎಲ್ಲವೂ ಇತ್ತು: ಆ ಅಂಗಳ, ಕಾದ ಕಲ್ಲು, ಆ ಮಾತು. ಅತ್ತೆಗೆ ಎಲ್ಲ ನೆನಪಿದೆ! ಆರು ವರ್ಷ ಆಧಾರವಿಲ್ಲದೆ ಆಡಿದ ಮಾತಿಗೆ ಇಂದು ನಿಜವಾದ ಆಧಾರ ಸಿಕ್ಕಿತ್ತು. ಇನ್ನು ಒಂದೇ ವಾಕ್ಯ ಸಾಕು. ಮಾನ್ವಿಯ ಮನೆಯಷ್ಟೇ ಅಲ್ಲ, ಈ ಮನೆಯೂ ಅವಳ ಪಾಲಿಗೆ ಇಲ್ಲ...

"ಮರತೆ," ಎಂದರು ಹಾಜಿರಾ ಬೀ. "ನಾ ಮರತೆನ್ರಿ. ನಾನs..." ಅಷ್ಟು ಹೇಳಿ, ಗ್ಯಾರೇಜಿನ ಎಣ್ಣೆಯ ನೆಲದ ಮೇಲೆ ಕುಸಿದರು.

ಅಂದು ಯಾರೂ ಮಾನ್ವಿಯ ಬಸ್ಸು ಹತ್ತಲಿಲ್ಲ. ಮನೆಗೆ ಬಂದ ಮೇಲೆ ಹಾಜಿರಾ ಬೀ ಅಡಿಗೆಮನೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕುಳಿತರು. ಉಮ್ಮೇ ಕುಲ್ಸುಮ್ ಚಹಾದ ಬಟ್ಟಲನ್ನು ಅವರ ಪಕ್ಕಕ್ಕಿಟ್ಟು, ತಾನೂ ಅಲ್ಲೇ ಕುಳಿತಳು.

"ನನ್ನ ಹೆಸರ ಯಾಕ ಹೇಳಲಿಲ್ಲ ಅತ್ತಿ? ಕಾದಾವ, ನಾಳಿ ಇಡಸೋಣ ಅಂದಾಕಿ ನಾನು."

ಹಾಜಿರಾ ಬೀ ಚಹಾದ ಬಟ್ಟಲನ್ನು ಆಚೆ ಸರಿಸಿದರು.

"ಇಷ್ಟು ವರ್ಷ ಸುಳ್ಳು ಅಂತಿದ್ದೆ ನಿನಗ. ಬಾಯಿಗೆ ಬಂದಂಗ ಅಂತಿದ್ದೆ," ಎಂದರು ಹಾಜಿರಾ ಬೀ, ಗೋಡೆಗೇ. "ಇವತ್ತ ಖರೇ ಸಿಕ್ತು... ನಾಲಗಿ ಏಳಲಿಲ್ಲ ಬೇಟಿ. ಆಳಿನ ಕೈ ಸುಡತದಂತ ಅಂದಿ ನೀ. ನಾನೂ ಹೂಂ ಅಂದೆ. ನನ್ನ ಹೂಂ ಏನು ಕಡಿಮಿ ಆತು?"

ಬೇಟಿ! ಆ ಮನೆಯಲ್ಲಿ ಆ ಶಬ್ದ ಹೀರಾಬಿಗೆ ಮಾತ್ರ ಮೀಸಲಾಗಿತ್ತು. ಉಮ್ಮೇ ಕುಲ್ಸುಮ್ ಅತ್ತೆಯ ಮೊಣಕಾಲಿನ ಮೇಲೆ ತಲೆಯಿಟ್ಟು ಬಿಕ್ಕಿದಳು. ಆರು ವರ್ಷಗಳಲ್ಲಿ ಮೊದಲ ಬಾರಿ ಇಬ್ಬರೂ ಒಬ್ಬನೇ ಸತ್ತವನಿಗಾಗಿ ಅತ್ತರು.

ಅತ್ತು ಮುಗಿಸಿ ಅವಳು ಎದ್ದಳು. ಅತ್ತೆ ಸೆರಗು ಹಿಡಿದು, "ಬ್ಯಾಡಬೇ... ಹೇಳಬ್ಯಾಡ" ಎಂದರೂ ನಿಲ್ಲದೆ ಪಡಸಾಲೆಗೆ ಹೋಗಿ, ಮಾವನ ಎದುರು ನಿಂತು, ತಾನು ಆಡಿದ ಮಾತನ್ನು ಆಡಿದಂತೆಯೇ ಹೇಳಿದಳು. ಮೀರಾಹುಸೇನ ಬೆಚ್ಚಿ ಎದ್ದುನಿಂತ. ಗುಲಾಮ್ ದಸ್ತಗೀರರು ಮಾತ್ರ ಕದಲಲಿಲ್ಲ.

"ಅವು ಯಾಕ ಇಟ್ಟಾವ ಅಂತ ನಿಮಗ್ಯಾರಿಗೂ ನಾ ಹೇಳಿರಲಿಲ್ಲವ್ವಾ," ಎಂದರು ಅವರು, ಬಹಳ ಮೆಲ್ಲಗೆ. "ಹೆಣಮಕ್ಕಳಿಗೆ ಗಾಡಿ ಸುದ್ದಿ ಯಾಕ ಅಂದೆ. ಹೇಳಿದ್ರ ನೀವು ಕೈ ಸುಟಗೊಂಡಾದ್ರೂ ಇಡತಿದ್ರಿ."

ಮೀರಾಹುಸೇನ ಇನ್ನೂ ಗಾಡಿಯನ್ನು ಮಾರಬೇಕೆಂದ. ಅದರ ಮುಖ ನೋಡುವುದು ತನಗೆ ಇನ್ನು ಸಾಧ್ಯವಿಲ್ಲವೆಂದ. ಗುಲಾಮ್ ದಸ್ತಗೀರರು, ಆರು ವರ್ಷ "ರಿಪೇರಿ ಮಾಡಸು" ಎಂದವರು, ಈಗ ತಾವೂ ಹಾಗೆಯೇ ಅಂದರು. ತಡೆದವಳು ಉಮ್ಮೇ ಕುಲ್ಸುಮ್.

"ಮಾರಿದ್ರ, ಅಲ್ಲಾಬಕ್ಷ್ ತೂಕಡಿಸಿ ಸತ್ತ ಅಂತನs ಊರು ಅನಕೋತ ಹೋಗ್ತದ. ಕಲ್ಲು ತುಂಬಸ್ರಿ. ಅದs ಏರಿಗೆ, ಅಷ್ಟs ಭಾರ ಎಳೀರಿ. ನಾ ಒಳಗ ಕುಂದರತೀನಿ."

ಮುಂದಿನ ವಾರ ಗುಂಜಹಳ್ಳಿಯಿಂದ ಹೊಸ ಕಲ್ಲು ಬಂತು. ಹಳೆಯ ಕಲ್ಲುಗಳು ಏನಾದವೆಂದು ಯಾರೂ ಕೇಳಲಿಲ್ಲ. ವಿರೂಪಣ್ಣ ಸೊಟ್ಟ ಚಕ್ರವನ್ನು ನೆಟ್ಟಗೆ ಮಾಡಿದ. ಗುಲಾಮ್ ದಸ್ತಗೀರರು ಪೆಟ್ಟಿಗೆಯನ್ನು ತಾವೇ ತುಂಬಿ, ಬಂಪರನ್ನು ಎರಡೂ ಕೈಯಿಂದ ಒತ್ತಿ ನೋಡಿದರು. ಬೆಳಗಿನ ಬಿಸಿಲಿನಲ್ಲಿ ದೇವದುರ್ಗದ ರಸ್ತೆಯ ಏರಿನ ಬುಡದಲ್ಲಿ, ಭತ್ತ ತುಂಬಿದ ಲಾರಿಯೊಂದರ ಮೂತಿಯನ್ನು ಕ್ರೇನಿಗೆ ಸಿಕ್ಕಿಸಿ ಎತ್ತಲಾಯಿತು. ಹಾಜಿರಾ ಬೀ ರಸ್ತೆಯ ಬದಿಗೆ ನಿಂತು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದರು. ಮೀರಾಹುಸೇನನ ಪಕ್ಕದಲ್ಲಿ, ಗಂಡ ಕೊನೆಯ ಬಾರಿ ಕುಳಿತಿದ್ದ ಕ್ಯಾಬಿನ್ನಿನಲ್ಲಿ, ಉಮ್ಮೇ ಕುಲ್ಸುಮ್ ಕಣ್ಣು ಮುಚ್ಚದೆ ಕುಳಿತಳು. ಗಾಡಿ ಹೊರಟಿತು, ಹಳ್ಳದ ತಿರುವಿಗೆ ಬಂದಿತು, ಮೀರಾಹುಸೇನ ಸ್ಟಿಯರಿಂಗನ್ನು ಬಲಕ್ಕೆ ತಿರುಗಿಸಿದ, ಗಾಡಿ ಬಲಕ್ಕೆ ತಿರುಗಿತು. ಏರಿನ ನೆತ್ತಿಯವರೆಗೆ ಮುಂದಿನ ಎರಡೂ ಗಾಲಿಗಳು ನೆಲ ಬಿಡಲಿಲ್ಲ.

ಗಾಡಿಯಲ್ಲಿ ದೋಷವಿರಲಿಲ್ಲ, ಅಲ್ಲಾಬಕ್ಷನ ಕೈಯಲ್ಲಿಯೂ ದೋಷವಿರಲಿಲ್ಲ.