ತೊಂಬತ್ತೆರಡು ಪರ್ಸೆಂಟ್ ಜಗಳ

ಚೀಟಿ ಓದಿದ ಜಯಲಕ್ಷ್ಮೀ ಮಿಸ್ ಶಿಲ್ಪಶ್ರೀಯ ಬ್ಯಾಗ್ ಎತ್ತಿ ಕೊನೇ ಬೆಂಚಿನ ಮೇಲಿಟ್ಟರು.

"ಮಿಸ್, ನಾನೇನೂ ಮಾಡಿಲ್ಲ," ಅಂದಳು ಶಿಲ್ಪಶ್ರೀ.

"ಇನ್ನೂ ಮಾಡಿಲ್ಲ," ಅಂದರು ಮಿಸ್.

ಚೀಟಿಯಲ್ಲಿ ಹೀಗಿತ್ತು: ‘ಶಿಲ್ಪಶ್ರೀ, ಐದನೇ ಕ್ಲಾಸ್. ಇವತ್ತು ಜಗಳ ಆಡುತ್ತಾಳೆ. ತೊಂಬತ್ತೆರಡು ಪರ್ಸೆಂಟ್.’

ಅಣ್ಣಾ ನಗರ್‌ನ ಆ ಸ್ಕೂಲಿಗೆ ಫ್ಯೂಚರ್ ಮಷೀನ್ ಬಂದು ಹದಿನೈದು ದಿನವಾಗಿತ್ತು. ಫ್ರಿಜ್‌ನಷ್ಟು ಎತ್ತರದ ಬಿಳಿ ಪೆಟ್ಟಿಗೆ. ಮಕ್ಕಳ ಹಳೇ ಮಾರ್ಕ್ಸು, ಹಳೇ ಕಂಪ್ಲೇಂಟು, ಕ್ಯಾಮೆರಾದಲ್ಲಿ ಕಂಡ ಮುಖ ಎಲ್ಲ ನೋಡಿ, ಯಾರು ಇವತ್ತು ಏನು ಮಾಡುತ್ತಾರೆ ಎಂದು ಬೆಳಿಗ್ಗೆಯೇ ಚೀಟಿ ಕೊಡುತ್ತಿತ್ತು.

ಪ್ರಿನ್ಸಿಪಾಲರಿಗೆ ಅದರ ಮೇಲೆ ಭಾರೀ ನಂಬಿಕೆ. ಅವರು ಎರಡನೇ ಕಾಫಿ ಕುಡಿಯುತ್ತಾರೆ ಎಂದು ಒಮ್ಮೆ ಚೀಟಿ ಬಂತು. ಡಾಕ್ಟರು ಬೇಡ ಅಂದಿದ್ದರು. ಆದರೂ ಮಷೀನ್ ಸುಳ್ಳಾಗಬಾರದಲ್ಲ, ಅದಕ್ಕೇ ಕುಡಿದರು. ಆಮೇಲೆ, ಎಷ್ಟು ಸರಿಯಾಗಿ ಹೇಳಿತು ನೋಡಿ ಎಂದು ಸ್ಕೂಲಿಗೆಲ್ಲ ಹೇಳಿಕೊಂಡು ಬಂದರು.

ಜಗಳದ ಚೀಟಿಯ ಸುದ್ದಿ ಹರಡಿ, ಅವತ್ತು ಶಿಲ್ಪಶ್ರೀಗೆ ಯಾರೂ ರಬ್ಬರ್ ಕೊಡಲಿಲ್ಲ. ಪಿಟಿ ಪೀರಿಯಡ್‌ನಲ್ಲಿ ಬಾಲ್ ಮುಟ್ಟಲು ಬಿಡಲಿಲ್ಲ. ಊಟದ ಹೊತ್ತಿಗೆ ಅವಳು ನಿಖಿತಾಳನ್ನು ಹುಡುಕಿಕೊಂಡು ಹೋದಳು. ಇಬ್ಬರದೂ ಒಂದೇ ಬೀದಿ, ಸುತ್ತೆಲ್ಲ ತಮಿಳಾದರೂ ಇಬ್ಬರ ಮನೆಯಲ್ಲೂ ಕನ್ನಡ. ಎಲ್‌ಕೆಜಿಯಿಂದ ಜೊತೆಯಲ್ಲೇ ಊಟ ಮಾಡಿದವರು.

ನಿಖಿತಾ ಡಬ್ಬಿ ಹಿಡಿದುಕೊಂಡು ಎದ್ದು ಹಿಂದೆ ಸರಿದಳು. "ಇವತ್ತು ಬೇಡ ಡೀ. ನಾಳೆ ಮಾತಾಡೋಣ."

ಶಿಲ್ಪಶ್ರೀ ಅವಳನ್ನು ತಳ್ಳಿಬಿಟ್ಟಳು. ಚಿತ್ರಾನ್ನ ನೆಲದ ಪಾಲಾಯಿತು. ಓಡಿ ಬಂದ ಮಿಸ್‌ಗೆ ಕೋಪವೇ ಬರಲಿಲ್ಲ. ಅವರು ಸಂತೋಷದಿಂದ ಚೀಟಿಗೆ ಟಿಕ್ ಹಾಕಿದರು.

ಮನೆಯಲ್ಲಿ ಇದನ್ನು ಕೇಳಿ ಅಪ್ಪ ಶಿವಕಿರಣ್ ಬೆರಗಾದರು. ತಮ್ಮ ಬ್ಯಾಂಕಿಗೂ ಇಂಥದ್ದೊಂದು ಬೇಕು ಅಂದರು. ಮಷೀನ್ ಹೇಳಿದ್ದರಿಂದಲೇ ಹೀಗಾಯಿತು ಎಂದು ಶಿಲ್ಪಶ್ರೀ ವಾದಿಸಿದಳು. ಹುಬ್ಬಳ್ಳಿ ಕಡೆಯ ಅಜ್ಜಿ ಜಯದೇವಿ ಅವರೆಕಾಯಿ ಸುಲಿಯುತ್ತಾ ಎಲ್ಲ ಕೇಳಿಸಿಕೊಂಡರು.

"ಆ ಮಷೀನಿಗೆ ಕೈ ಅದಾವೇನು?"

"ಇಲ್ಲ ಅಜ್ಜಿ."

"ಮತ್ತ, ಆ ಹುಡುಗೀನ್ನ ದಬ್ಬಿದ ಕೈ ಯಾರದವ್ವಾ?"

ಶಿಲ್ಪಶ್ರೀ ತನ್ನ ಕೈ ನೋಡಿಕೊಂಡಳು. ನಾಳೆ ಹೋದ ಕೂಡಲೇ ಸಾರಿ ಹೇಳಬೇಕು ಅಂದುಕೊಂಡಳು.

ಮರುದಿನ ಚೀಟಿ ಬಂತು: ‘ಶಿಲ್ಪಶ್ರೀ ಇವತ್ತು ನಿಖಿತಾಗೆ ಸಾರಿ ಹೇಳುತ್ತಾಳೆ. ತೊಂಬತ್ತೇಳು ಪರ್ಸೆಂಟ್.’

ಇನ್ನು ಹೇಳಿದರೆ ಮಷೀನೇ ಗೆದ್ದಂತೆ. ಶಿಲ್ಪಶ್ರೀ ತುಟಿ ಬಿಗಿದು ಕೂತಳು. ಮೊದಲ ಪೀರಿಯಡ್ ಹೋಯಿತು, ಎರಡನೆಯದೂ ಹೋಯಿತು. ಮಿಸ್ ಚಡಪಡಿಸಿದರು. ಸಾರಿ ಹೇಳಲೆಂದೇ ಗಣಿತದ ಕ್ಲಾಸನ್ನು ಐದು ನಿಮಿಷ ಮೊದಲೇ ಮುಗಿಸಿದರು. ಮೂರು ಗಂಟೆಗೆ ರಿಪೋರ್ಟ್ ಕಳಿಸಬೇಕು, ಬೇಗ ಹೇಳಿಬಿಡು ಎಂದು ಬೇಡಿಕೊಂಡರು. ಶಿಲ್ಪಶ್ರೀಗೆ ಒಳಗೊಳಗೇ ಖುಷಿ.

ಊಟದ ಹೊತ್ತಿಗೆ ನಿಖಿತಾ ಒಬ್ಬಳೇ ಕೂತಿದ್ದಳು. ಕೈ ತೊಳೆಯಲು ಶಿಲ್ಪಶ್ರೀ ಆ ಕಡೆಯಿಂದ ಹೋದಾಗ ಅವಳು ಬೆಚ್ಚಿ, ಡಬ್ಬಿಯನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡಳು.

ಶಿಲ್ಪಶ್ರೀಯ ಖುಷಿ ಇಳಿದುಹೋಯಿತು. ಅವಳು ಅಲ್ಲೇ ನಿಂತಳು.

"ಸಾರಿ ಡೀ. ನಾನು ತಳ್ಳಬಾರದಿತ್ತು."

ಬಾಗಿಲಲ್ಲಿ ನಿಂತಿದ್ದ ಮಿಸ್ ನಿಟ್ಟುಸಿರುಬಿಟ್ಟು ಟಿಕ್ ಹಾಕಿ, ಪ್ರಿನ್ಸಿಪಾಲರ ರೂಮಿನತ್ತ ಓಡಿದರು.

"ಚೀಟೀಲಿ ಬಂದಿತ್ತು ಅಂತ ಸಾರಿ ಹೇಳಿದ್ಯಾ?" ನಿಖಿತಾ ಕೇಳಿದಳು.

ಶಿಲ್ಪಶ್ರೀ ಯೋಚಿಸಿದಳು. ಆ ಹೊತ್ತಿನಲ್ಲಿ ಚೀಟಿ ಅವಳ ನೆನಪಿಗೇ ಬಂದಿರಲಿಲ್ಲ.

"ಇಲ್ಲ. ನೀನು ನನ್ನ ನೋಡಿ ಹೆದರ್ಕೊಂಡೆಯಲ್ಲ, ಅದಕ್ಕೆ."

ಇದು ಚೀಟಿಯಲ್ಲಿ ಇರಲಿಲ್ಲ. ನಿಖಿತಾ ಡಬ್ಬಿಯನ್ನು ಎದೆಯಿಂದ ಕೆಳಗಿಳಿಸಿದಳು. ಆಮೇಲೆ ಬೆಂಚಿನ ಮೇಲೆ ಆಚೆ ಸರಿದು ಜಾಗ ಬಿಟ್ಟಳು.